ನಾಯಿ ಇಲ್ಲದ ಪ್ಲೇಟು

“ಇದು ಡೂಪ್ಲಿಕೇಟು ಸಾರ್. ನಾಯೀನೇ ಇಲ್ವಲ್ಲ!” ಎಂದು ಗುಜರಿ ಅಂಗಡಿಯವರು ಗ್ರಾಮಫೋನ್ ಪ್ಲೇಟನ್ನು ನನ್ನ ಕೈಗೇ ವಾಪಸು ಕೊಟ್ಟರು. ಅವರು ಹುಡುಕಿದ್ದು ‘ಹಿಸ್ ಮಾಸ್ಟರ್ಸ್ ವಾಯ್ಸ್’ (ಎಚ್‌ಎಂವಿ) ಲೇಬಲ್ಲಿನಲ್ಲಿ ತುತ್ತೂರಿಯ ಮುಂದೆ ಕೂತಿರುವ ನಾಯಿಯನ್ನು.

ತಾತನ ಟ್ರಂಕಿನಲ್ಲಿ ಸಿಕ್ಕಿದ್ದು. ಅಂಚು ಮುರಿದಿದೆ, ಹಾಡು ಒಂದೇ ಬದಿಗೆ. ಹಿಂಬದಿಯಲ್ಲಿ ಗೆರೆಗಳಿಲ್ಲ, ತಟ್ಟೆಯ ಮೇಲೆ ಕೂತು ಗರಿಯಿಂದ ಏನೋ ಬರೆಯುತ್ತಿರುವ ರೆಕ್ಕೆಯ ದೇವದೂತನ ಅಚ್ಚಿದೆ, ಅಷ್ಟೇ.

ಮನೆಗೆ ಬಂದವನು ಆ ಭಾನುವಾರ ಪೂರ್ತಿ ಓದುತ್ತ ಕೂತೆ. ಡೂಪ್ಲಿಕೇಟಲ್ಲ, ಲೇಬಲ್ಲಿನ ನಾಯಿಗಿಂತ ಹಳೆಯದು! 1898ರಲ್ಲಿ ಲಂಡನ್ನಿನಲ್ಲಿ ಶುರುವಾದ ಗ್ರಾಮಫೋನ್ ಕಂಪನಿಯ ಮೊದಲ ಮುದ್ರೆ ಈ ದೇವದೂತನೇ. ಪ್ಲೇಟುಗಳ ಮೇಲೆ ನಾಯಿ ಕೂತದ್ದು 1909ರ ಸುಮಾರಿಗೆ. ಲೇಬಲ್ಲಿನಲ್ಲಿ ‘ಗ್ರಾಮಫೋನ್ ಅಂಡ್ ಟೈಪ್‌ರೈಟರ್’ ಎಂದಿರುವುದೂ ಆಗ ಅರ್ಥವಾಯಿತು. ಹಾಡಿನ ವ್ಯಾಪಾರ ಕೈಕೊಟ್ಟರೆ ಇರಲಿ ಅಂತ ಕೆಲವು ವರ್ಷ ಟೈಪ್‌ರೈಟರನ್ನೂ ಮಾರಿದರಂತೆ, ಹೋಟೆಲಿನವರು ಪಕ್ಕದಲ್ಲೇ ಬೀಡಾ ಅಂಗಡಿ ಇಟ್ಟ ಹಾಗೆ.

ನಾಯಿಯ ಕಥೆ ಇನ್ನೂ ಮಜಾ. ಅದರ ಹೆಸರು ನಿಪ್ಪರ್, ಸತ್ತದ್ದು 1895ರಲ್ಲಿ. ಆಮೇಲೆ ಚಿತ್ರ ಬರೆದ ಫ್ರಾನ್ಸಿಸ್ ಬರೋ ಅದರ ಮುಂದೆ ಇಟ್ಟದ್ದು ಗ್ರಾಮಫೋನನ್ನಲ್ಲ, ಉರುಳೆ ಸುತ್ತುವ ಫೋನೋಗ್ರಾಫನ್ನು. 1899ರಲ್ಲಿ ಚಿತ್ರಕ್ಕಾಗಿ ಹಿತ್ತಾಳೆ ತುತ್ತೂರಿಯೊಂದನ್ನು ಎರವಲು ಕೇಳಲು ಗ್ರಾಮಫೋನ್ ಕಂಪನಿಗೆ ಹೋದರೆ, ಅಲ್ಲಿನ ಬ್ಯಾರಿ ಓವನ್ ‘ನಮ್ಮ ಯಂತ್ರ ಬರೆದುಕೊಡಿ, ಕೊಳ್ಳುತ್ತೇವೆ’ ಎಂದ. ಚಿತ್ರಕ್ಕೆ 50 ಪೌಂಡು, ಅದರ ಹಕ್ಕುಸ್ವಾಮ್ಯಕ್ಕೆ 50. ಬರೋ ಹಳೆಯದರ ಮೇಲೆ ಬಣ್ಣ ಬಳಿದು ಹೊಸ ಯಂತ್ರ ಕೂರಿಸಿದ. ಓರೆಯಾಗಿ ನೋಡಿದರೆ ಈಗಲೂ ಬಣ್ಣದಡಿ ಫೋನೋಗ್ರಾಫಿನ ಗುರುತು ಕಾಣುತ್ತದಂತೆ.

ದೊಡ್ಡಪ್ಪನಿಗೆ ಫೋನು ಮಾಡಿ ಹೇಳಿದೆ. “ಅದೆಲ್ಲ ಇರ್ಲಿ, ನಾಯಿ ಕೂತಿರೋದು ಯಜಮಾನನ ಶವಪೆಟ್ಟಿಗೆ ಮೇಲೆ ತಾನೆ?” ಎಂದರು. ಅಲ್ಲ ಎಂದರೆ ಒಪ್ಪಲಿಲ್ಲ. ನಾನೂ ಮೊನ್ನೆಯವರೆಗೆ ಹಾಗೇ ನಂಬಿದ್ದವನು.

ಪ್ಲೇಟಿನಲ್ಲಿ ಹಾಡಿದವರ ಹೆಸರಿನ ಜಾಗವೇ ಉಜ್ಜಿಹೋಗಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಈ ಕಂಪನಿಯ ಪ್ಲೇಟಿಗೆ ಹಾಡಿ, 1930ರಲ್ಲಿ ನಮ್ಮ ಮೈಸೂರಿನಲ್ಲೇ ಕಣ್ಣುಮುಚ್ಚಿದ ಗಾಯಕಿ ಗೌಹರ್ ಜಾನ್ ಇರಬಹುದೇ ಎಂಬ ಆಸೆ. ಆಕೆ ಹಾಡಿನ ಕೊನೆಗೆ “ಮೈ ನೇಮ್ ಈಸ್ ಗೌಹರ್ ಜಾನ್” ಎನ್ನುತ್ತಿದ್ದರು. ದೂರದ ಜರ್ಮನಿಯ ಹ್ಯಾನೋವರಿನಲ್ಲಿ ಪ್ಲೇಟು ಅಚ್ಚು ಹಾಕುವವರಿಗೆ ಯಾರ ಹಾಡೆಂದು ತಿಳಿಯಬೇಕಲ್ಲ.

ಮುರಿದಿರುವುದು ಹೊರಗಿನ ಅಂಚು, ಅಂದರೆ ಹಾಡಿನ ಶುರು. ಕೊನೆ ಇರುವ ಒಳಸುತ್ತು ನೆಟ್ಟಗಿದೆ. ಕೀ ಕೊಡುವ ಪೆಟ್ಟಿಗೆಯೊಂದು ಸಿಕ್ಕರೆ ಮುಳ್ಳನ್ನು ನೇರ ಅಲ್ಲಿಗೇ ಇಡುತ್ತೇನೆ.