ಹೂವಿನಂಗಡಿಯ ಕಟ್ಟೆ

ವಾಸ್ತುಶಿಲ್ಪದ ನಕ್ಷೆಯಲ್ಲಿ ಮನುಷ್ಯರಿರುವುದಿಲ್ಲ. ಗೋಡೆ, ಕಂಬ, ಬಾಗಿಲು, ಅವುಗಳ ಅಳತೆ ಇರುತ್ತವೆ. ವರ್ಷಗಟ್ಟಲೆ ಅಂಥ ನಕ್ಷೆಗಳಲ್ಲೇ ಪಳಗಿದ ಕೈಗೆ ಬೀದಿಯಲ್ಲಿ ನಿಂತು ಚಿತ್ರ ಬರೆಯುವುದು ಬೇರೆಯದೇ ವಿದ್ಯೆ. ಇದು ನನಗೆ ಪೂರ್ತಿ ಮನವರಿಕೆಯಾದದ್ದು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ.

ಊರನ್ನು ಕಂಡಲ್ಲಿಯೇ ಬರೆಯುವ ಈ ಹವ್ಯಾಸಕ್ಕೆ ಈಗ ಅನೇಕ ದೇಶಗಳಲ್ಲಿ ಗುಂಪುಗಳಿವೆ. ಸಿಯಾಟಲ್‌ನ ಪತ್ರಕರ್ತ, ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಅಂತರ್ಜಾಲದಲ್ಲಿ ಶುರುಮಾಡಿದ ‘ಅರ್ಬನ್ ಸ್ಕೆಚರ್ಸ್’ ಬಳಗ ಇದಕ್ಕೆ ದೊಡ್ಡ ಚಾಲನೆ ಕೊಟ್ಟಿತು. ಸ್ಥಳದಲ್ಲಿದ್ದು ಕಣ್ಣಾರೆ ಕಂಡದ್ದನ್ನೇ ಬರೆಯಬೇಕು ಎಂಬುದು ಅವರ ಮೊದಲ ನಿಯಮ. ನಮ್ಮದು ಪುಟ್ಟ ಗುಂಪು: ನಾಲ್ಕೈದು ವಾಸ್ತುಶಿಲ್ಪಿಗಳು, ಜೊತೆಗೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಒಬ್ಬ ಗೆಳತಿ.

1886ರಲ್ಲಿ ಲಾರ್ಡ್ ಡಫರಿನ್ ಭೇಟಿಯ ನೆನಪಿಗೆ ಕಟ್ಟಿದ ಚಿಕ್ಕ ಗಡಿಯಾರದ ಬಳಿ ಸೇರಿ, ಮಾರುಕಟ್ಟೆಯ ಒಳಗೆ ಚದುರಿಕೊಂಡೆವು. ನಾವೆಲ್ಲ ಕಮಾನು ಹುಡುಕಿಕೊಂಡು ಹೋದರೆ, ಗೆಳತಿ ಬಾಳೆಗೊನೆ ಹೊತ್ತವನ ಕುತ್ತಿಗೆಯಿಂದಲೇ ಶುರುಮಾಡಿದಳು. ನನ್ನ ಪುಟ ನೋಡಿ, “ನೀನು ಪಾತ್ರೆ ಬರೆದಿದ್ದೀಯ, ಅನ್ನ ಎಲ್ಲಿ?” ಎಂದಳು.

ಸರಿ, ಹೂವಿನ ಸಾಲಿನಲ್ಲಿ ಒಂದು ಕಂಬಕ್ಕೆ ಒರಗಿ ನಿಂತೆ. ಜನ ಒಂದು ಕ್ಷಣವೂ ನಿಲ್ಲುವುದಿಲ್ಲ. ಅದಕ್ಕೊಂದು ಹಳೆಯ ಉಪಾಯವಿದೆ. ಪುಟದ ಅಡ್ಡಕ್ಕೆ ನನ್ನ ಕಣ್ಣಿನ ಮಟ್ಟದ ಗೆರೆ ಎಳೆದುಕೊಂಡರೆ, ಸಮತಟ್ಟಾದ ನೆಲದ ಮೇಲೆ ನಿಂತಿರುವ ನನ್ನಷ್ಟೇ ಎತ್ತರದವರ ಕಣ್ಣುಗಳೆಲ್ಲ, ಅವರು ಹತ್ತಿರವಿರಲಿ ದೂರವಿರಲಿ, ಆ ಗೆರೆಯ ಮೇಲೆಯೇ ಬರುತ್ತವೆ. ಹಾಗೆ ತಲೆಗಳನ್ನು ಸಾಲಾಗಿ ಗುರುತು ಹಾಕುತ್ತ ಹೋದೆ. ಚೌಕಾಸಿ ಮಾಡುವ ಅಜ್ಜಿ, ಚೀಲ ಹಿಡಿದ ಹುಡುಗ, ಎದುರಿನ ಕುಂಕುಮದ ರಾಶಿಗಳ ಮುಂದೆ ನಿಂತ ಪ್ರವಾಸಿಗರು. ಕೊನೆಗೆ ಮಲ್ಲಿಗೆ ಕಟ್ಟುತ್ತ ಕೂತಿದ್ದ ವ್ಯಾಪಾರಿಯ ಮುಖ ಬರೆಯಲು ಹೊರಟರೆ, ಚಕ್ಕಳಮಕ್ಕಳ ಹಾಕಿ ಕೂತವರ ಕಣ್ಣೂ ಸರಿಯಾಗಿ ಅದೇ ಗೆರೆಯ ಮೇಲೆ ಬಂದು ಕೂತಿತು!

ಪೆನ್ನು ಅಲ್ಲಿಯೇ ನಿಂತಿತು. ಅವರು ಕೂತಿದ್ದ ಕಟ್ಟೆಯನ್ನು ಆಗ ಸರಿಯಾಗಿ ನೋಡಿದೆ. ಅಂಚಿನ ಕಲ್ಲು ನುಣುಪಾಗಿ ಸವೆದಿತ್ತು. ಅವರ ತಲೆಯ ಮೇಲೆ, ಕೂತಲ್ಲಿಂದಲೇ ಕೈಗೆ ಎಟಕುವಂತೆ, ತುಕ್ಕು ಹಿಡಿದ ಕಬ್ಬಿಣದ ಕೊಕ್ಕೆ; ಅದರಲ್ಲಿ ಸೇವಂತಿಗೆ ಹಾರಗಳು.

“ಏನು ಬರೆಯುತ್ತಿದ್ದೀಯಮ್ಮ?” ಎಂದರು. ತೋರಿಸಿದೆ. “ಕೊಕ್ಕೆಯನ್ನೂ ಬರೆದುಕೋ. ಮೊದಲು ತಕ್ಕಡಿ ಅಲ್ಲೇ ನೇತಾಡುತ್ತಿತ್ತು. ನಮ್ಮಪ್ಪ ಕೂತಲ್ಲಿಂದ ಏಳುತ್ತಲೇ ಇರಲಿಲ್ಲ. ನಿಂತು ವ್ಯಾಪಾರ ಮಾಡಿದರೆ ಸಂಜೆಗೆ ಸೊಂಟ ಉಳಿಯುತ್ತದೆಯೇ?” ಎನ್ನುತ್ತ, ಗಿರಾಕಿಗೆ ಒಂದು ಮೊಳ ಮಲ್ಲಿಗೆ ಅಳೆದು ಕೊಟ್ಟರು.

ಕೂತು ಮಾರುವವರೂ ನಿಂತು ಕೊಳ್ಳುವವರೂ ಮುಖಕ್ಕೆ ಮುಖ ಕೊಟ್ಟು ಮಾತನಾಡುವ ಎತ್ತರವದು. ಯಾರೂ ಯಾರನ್ನೂ ಕತ್ತೆತ್ತಿ ನೋಡಬೇಕಿಲ್ಲ. ಟೇಪು ಹಿಡಿದು ಹೋಗಿದ್ದರೆ ಅಳತೆ ಸಿಗುತ್ತಿತ್ತು, ಅದರ ಕಾರಣ ಸಿಗುತ್ತಿರಲಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2012ರಲ್ಲಿ ಇಲ್ಲಿಗೆ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ಈ ಮಾರುಕಟ್ಟೆಯ ಉತ್ತರ ದ್ವಾರದ ಭಾಗವೂ ಕುಸಿಯಿತು. ಕೆಡವಿ ಹೊಸದಾಗಿ ಕಟ್ಟುವುದೋ, ದುರಸ್ತಿ ಮಾಡಿ ಉಳಿಸಿಕೊಳ್ಳುವುದೋ ಎಂಬ ವಾದ ಅಲ್ಲಿಂದೀಚೆಗೆ ಜೋರಾಯಿತು. ಗೋಡೆಯ ಬಲಾಬಲದ ಪರೀಕ್ಷೆ ಆಗಲೇಬೇಕು. ಜೀವಕ್ಕಿಂತ ಕಮಾನು ದೊಡ್ಡದಲ್ಲ. ಆದರೆ ಪಾರಂಪರಿಕ ಕಟ್ಟಡ ಎಂದ ಕೂಡಲೇ ಮುಂಭಾಗ, ಗೋಪುರ, ಕಮಾನುಗಳ ಮಾತೇ ಆಡುತ್ತೇವೆ. ಕಟ್ಟೆಯ ಎತ್ತರದ ಬಗ್ಗೆ ಯಾರಾದರೂ ಮಾತನಾಡಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಹಾಗಾಗಿ ಆ ಭಾನುವಾರದ ನಂತರ ನಮ್ಮ ಗುಂಪಿನ ಪುಟಗಳಲ್ಲಿ ಕಮಾನುಗಳು ಕಡಿಮೆಯಾಗಿವೆ. ವೀಳ್ಯದೆಲೆ ಅಂಗಡಿಯವರು ಒದ್ದೆ ಗೋಣಿತಾಟನ್ನು ಎಲ್ಲಿ ಹಾಸುತ್ತಾರೆ, ಬಾಳೆಗೊನೆಯ ಹಗ್ಗವನ್ನು ಯಾವ ತೊಲೆಗೆ ಕಟ್ಟುತ್ತಾರೆ, ಮಧ್ಯಾಹ್ನದ ಬಿಸಿಲು ಯಾವ ಅಂಗಡಿಯ ಮುಂದೆ ಬೀಳುತ್ತದೆ ಎಂಬುದನ್ನೆಲ್ಲ ಬರೆದು, ಪಕ್ಕದಲ್ಲಿ ಅಳತೆಯನ್ನೂ ನಮೂದಿಸುತ್ತಿದ್ದೇವೆ. ದುರಸ್ತಿಯಾಗಲಿ, ಮರುನಿರ್ಮಾಣವಾಗಲಿ, ನಕ್ಷೆ ತಯಾರಿಸುವವರು ಕೇಳಿದರೆ ಈ ಪುಟಗಳನ್ನು ಅವರ ಮೇಜಿನ ಮೇಲೆ ಇಡಲು ಸಿದ್ಧರಿದ್ದೇವೆ. ಕೇಳದಿದ್ದರೆ ನಾವೇ ಕೊಂಡೊಯ್ದು ಕೊಡುತ್ತೇವೆ.