ಕೂರುವ ಪ್ಯಾಲೆಟ್, ಓಡಾಡುವ ಪ್ಯಾಲೆಟ್

ಎರಡು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಮ್ಮ ಸಾಹುಕಾರರು ಗೋದಾಮಿಗೆ ಬಂದವರು ನಿಂತ ನಿಲುವಿನಲ್ಲೇ, ನಮ್ಮಲ್ಲಿ ಒಟ್ಟು ಎಷ್ಟು ಪ್ಯಾಲೆಟ್‌ಗಳಿವೆ ಎಂದು ಕೇಳಿದರು. ಪ್ಯಾಲೆಟ್ ಎಂದರೆ ಸರಕು ನೆಲಕ್ಕೆ ತಾಗದಂತೆ, ಟ್ರಾಲಿಯಿಂದ ಎತ್ತಿ ಒಯ್ಯಲು ಬರುವಂತೆ ಅದರ ಕೆಳಗಿಡುವ ಪಟ್ಟಿಗಳ ಹಲಗೆ. ಖರೀದಿಯ ಬಿಲ್ಲುಗಳನ್ನು ಕೂಡಿಸಿ ನಾನು 340 ಎಂದೆ. ಅವರು ಎಣಿಸಲು ಹೇಳಿದರು. ಸಂಜೆಯ ಹೊತ್ತಿಗೆ ಸಿಕ್ಕಿದ್ದು 271. ಅಕ್ಕಿಯ ಒಂದು ಚೀಲ ಕಡಿಮೆಯಾದರೆ ಇಡೀ ರಾತ್ರಿ ಲೆಕ್ಕ ಹುಡುಕುವ ನಾವು, 69 ಪ್ಯಾಲೆಟ್‌ಗಳು ಕಾಣೆಯಾದದ್ದನ್ನು ಗಮನಿಸಿರಲೇ ಇಲ್ಲ. ಪ್ಯಾಲೆಟ್ ಎಂಬುದು ಸರಕಲ್ಲ, ಸರಕಿನ ಕೆಳಗಿರುವ ಕಟ್ಟಿಗೆ ಎಂಬ ಭಾವನೆ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು.

ನಾನು ಕೆಲಸ ಮಾಡುವುದು ಕೊಪ್ಪಳ ಜಿಲ್ಲೆಯ ಗಂಗಾವತಿ ಮತ್ತು ಕಾರಟಗಿಯ ನಡುವೆ ಇರುವ ಒಂದು ಅಕ್ಕಿ ಗೋದಾಮಿನಲ್ಲಿ. ತುಂಗಭದ್ರಾ ಎಡದಂಡೆ ನಾಲೆಯ ನೀರಿನಲ್ಲಿ ಬೆಳೆದ ಸೋನಾ ಮಸೂರಿ ಇಲ್ಲಿಗೆ ಬರುತ್ತದೆ. ಅದರಲ್ಲಿ ಒಂದು ಭಾಗ ವಾರದೊಳಗೆ ಲಾರಿ ಹತ್ತಿ ಹೋಗುತ್ತದೆ; ಇನ್ನೊಂದು ಭಾಗ ಹಳೆಯ ಅಕ್ಕಿ ಎನ್ನಿಸಿಕೊಳ್ಳುವ ತನಕ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವಿಡೀ ಒಂದೇ ಜಾಗದಲ್ಲಿ ಕೂರುತ್ತದೆ. ಈ ವ್ಯತ್ಯಾಸ ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಅದರ ಪ್ರಕಾರ ಪ್ಯಾಲೆಟ್ ಕೊಳ್ಳಬೇಕು ಎಂಬುದು ಹೊಳೆಯಲು ನನಗೆ ಮೂರು ಖರೀದಿಗಳು ಬೇಕಾದವು.

ಮೊದಲನೆಯ ಖರೀದಿಯ ಕಥೆಯನ್ನು ಹೇಳಿಕೊಳ್ಳಲು ನನಗೆ ಇಂದಿಗೂ ಸಂಕೋಚವಾಗುತ್ತದೆ. ದರ ಕಡಿಮೆ ಎಂಬ ಒಂದೇ ಕಾರಣಕ್ಕೆ ಒಬ್ಬ ವ್ಯಾಪಾರಿಯಿಂದ ನೂರು ಮರದ ಪ್ಯಾಲೆಟ್‌ಗಳನ್ನು ತರಿಸಿದೆ. ಅವು ನೋಡಲು ಗಟ್ಟಿಮುಟ್ಟಾಗಿದ್ದವು. ಮೇಲೆ ಹೇಗೆ ಪಟ್ಟಿಗಳಿದ್ದವೋ ಕೆಳಗೂ ಹಾಗೆಯೇ ಒತ್ತೊತ್ತಾಗಿ ಪಟ್ಟಿಗಳಿದ್ದುದರಿಂದ ಯಾವ ಮಗ್ಗುಲನ್ನಾದರೂ ಮೇಲೆ ಮಾಡಿ ಬಳಸಬಹುದು ಎಂದು ವ್ಯಾಪಾರಿ ಹೊಗಳಿದ್ದ. ನಮ್ಮಲ್ಲಿ ಫೋರ್ಕ್‌ಲಿಫ್ಟ್ ಇಲ್ಲ, ಕೈಯಿಂದ ಎಳೆಯುವ ಹೈಡ್ರಾಲಿಕ್ ಟ್ರಾಲಿ ಮಾತ್ರ ಇದೆ. ಪ್ಯಾಲೆಟ್ಟಿನೊಳಗೆ ತೂರುವ ಅದರ ಕೋಲುಗಳ ತುದಿಯಲ್ಲಿರುವ ಸಣ್ಣ ಗಾಲಿಗಳು ಪ್ಯಾಲೆಟ್ಟಿನ ಕೆಳಪಟ್ಟಿಗಳ ನಡುವಿನ ಖಾಲಿ ಜಾಗದಲ್ಲಿ ನೆಲವನ್ನು ಒತ್ತಿ ಭಾರವನ್ನು ಎತ್ತಬೇಕು. ಕೆಳಗೆ ಒತ್ತೊತ್ತಾಗಿ ಪಟ್ಟಿಗಳಿದ್ದರೆ ಗಾಲಿ ಪಟ್ಟಿಯ ಮೇಲೆ ಕೂರುತ್ತದೆ, ಹಿಡಿಕೆ ಒತ್ತಿದ ಕೂಡಲೇ ಮೇಲಿನ ಸರಕನ್ನು ಎತ್ತುವ ಬದಲು ಕೆಳಪಟ್ಟಿಯನ್ನೇ ಮೊಳೆಯ ಸಮೇತ ಕಿತ್ತು ಬೀಳಿಸುತ್ತದೆ. ಹದಿನೈದು ದಿನಗಳಲ್ಲಿ ಮೂವತ್ತಕ್ಕೂ ಹೆಚ್ಚು ಪ್ಯಾಲೆಟ್‌ಗಳ ಕೆಳಭಾಗ ಕಿತ್ತುಹೋಯಿತು. ಪ್ಯಾಲೆಟ್ ಕೆಟ್ಟದ್ದಾಗಿರಲಿಲ್ಲ, ನಮ್ಮ ಟ್ರಾಲಿಗೆ ಅದು ಒಗ್ಗುವಂಥದ್ದಾಗಿರಲಿಲ್ಲ. ಅಂದಿನಿಂದ ಮಾದರಿ ಪ್ಯಾಲೆಟ್ ಒಂದನ್ನು ಗೋದಾಮಿಗೆ ತರಿಸಿ, ಅದರ ಮೇಲೆ ಪೂರ್ತಿ ಭಾರ ಹೇರಿ, ನಾಲ್ಕೂ ಕಡೆಯಿಂದ ಟ್ರಾಲಿ ತೂರಿಸಿ ಬಾಗಿಲಿನ ತನಕ ಎಳೆದು ನೋಡದೆ ನಾನು ಆರ್ಡರ್ ಕೊಡುವುದಿಲ್ಲ.

ಅಳತೆಯ ವಿಷಯದಲ್ಲೂ ಇಷ್ಟೇ ಹಟ ಬೇಕು. ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 6780 ಆರು ಅಳತೆಗಳನ್ನು ಒಪ್ಪುತ್ತದೆ. ಅವುಗಳಲ್ಲಿ ನಮ್ಮ ಕೆಲಸಕ್ಕೆ ಹೊಂದುವುದು 1200×1000 ಮಿಲಿಮೀಟರಿನದು. ಯುರೋಪಿನಲ್ಲಿ ಹೆಚ್ಚು ಓಡಾಡುವ 1200×800ರ ಹಳೆಯ ಪ್ಯಾಲೆಟ್‌ಗಳು ಗುಜರಿಯಲ್ಲಿ ಅಗ್ಗಕ್ಕೆ ಸಿಗುವುದುಂಟು, ಆದರೆ ಅವುಗಳ ಮೇಲೆ ಸಾಲಿಗೆ ಐದು ಚೀಲ ಇಟ್ಟರೆ ಅವು ಹೊರಚಾಚಿ ಕೂರುತ್ತವೆ. ತುಂಬಿದ ಸಣ್ಣ ಅಕ್ಕಿ ಚೀಲವೊಂದು ಮಲಗಿಸಿದಾಗ ಸುಮಾರು 60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ ಇರುತ್ತದೆ. 120 ಸೆಂಟಿಮೀಟರಿನ ಬದಿಗೆ ಮೂರು ಚೀಲಗಳನ್ನು ಅಡ್ಡಲಾಗಿ ಇಟ್ಟರೆ 60 ಸೆಂಟಿಮೀಟರ್ ಆಳ ಮುಗಿಯಿತು. ಉಳಿದ 40ರಲ್ಲಿ ಎರಡು ಚೀಲಗಳು ಉದ್ದಕ್ಕೆ ಕೂರುತ್ತವೆ. ಹೀಗೆ ಸಾಲಿಗೆ ಐದು. ಮೇಲಿನ ಸಾಲನ್ನು ತಿರುವು ಮುರುವು ಮಾಡಿದರೆ ಒಂದರ ಸಂದಿಯ ಮೇಲೆ ಇನ್ನೊಂದು ಕೂತು ನಿಟ್ಟು, ಅಂದರೆ ಚೀಲಗಳ ಒಟ್ಟಿಲು, ತಾನೇ ಬಿಗಿಯುತ್ತದೆ. ಎಂಟು ಸಾಲಿಗೆ 40 ಚೀಲ. 2022ರ ಜುಲೈನಲ್ಲಿ 25 ಕಿಲೋ ತನಕದ ಪ್ಯಾಕೆಟ್ ಅಕ್ಕಿಗೆ ಜಿಎಸ್‌ಟಿ ಬಂದ ಮೇಲೆ ಚೀಲಗಳು 26 ಕಿಲೋಗೆ ಏರಿದ್ದು ನಿಮಗೆ ನೆನಪಿರಬಹುದು. ಆ ಒಂದು ಕಿಲೋದಿಂದಾಗಿ ಪ್ಯಾಲೆಟ್ಟಿನ ಮೇಲಿನ ಭಾರ 1000 ಕಿಲೋದಿಂದ 1040ಕ್ಕೆ ಹೋಯಿತು. ತೆರಿಗೆಯ ಲೆಕ್ಕ ಮರದ ಪಟ್ಟಿಯ ತನಕ ಇಳಿಯುತ್ತದೆ ಎಂದು ನಾನು ಎಣಿಸಿರಲಿಲ್ಲ.

ಈಗ ಹಣದ ಮಾತು. ಪ್ಯಾಲೆಟ್ಟಿನ ದರ ಕೇಳುವುದಕ್ಕಿಂತ ಅದು ಎಷ್ಟು ಸುತ್ತು ಬರುತ್ತದೆ ಎಂದು ಕೇಳಬೇಕು. ಸುತ್ತು ಎಂದರೆ ಒಮ್ಮೆ ಸರಕು ಹೊತ್ತು, ಅದನ್ನು ಇಳಿಸಿ, ಮತ್ತೆ ಖಾಲಿಯಾಗಿ ನಿಲ್ಲುವುದು. ಕೊಂಡ ಬೆಲೆಗೆ ರಿಪೇರಿಯ ಖರ್ಚು ಸೇರಿಸಿ, ಕೊನೆಗೆ ಗುಜರಿಗೆ ಹಾಕಿದಾಗ ಬರುವ ಹಣ ಕಳೆದು, ಉಳಿದದ್ದನ್ನು ಸುತ್ತುಗಳಿಂದ ಭಾಗಿಸಿದರೆ ನಿಜವಾದ ದರ ಸಿಗುತ್ತದೆ. ಲೆಕ್ಕ ತೋರಿಸಲಿಕ್ಕೆಂದು ಮಾತ್ರ ಕೆಲವು ಅಂಕಿಗಳನ್ನು ಹಿಡಿಯುತ್ತೇನೆ, ಇವನ್ನು ಮಾರುಕಟ್ಟೆ ದರ ಎಂದು ತಿಳಿಯಬಾರದು. 350 ರೂಪಾಯಿಯ ಹಳೆಯ ಪ್ಯಾಲೆಟ್ 20 ಸುತ್ತು ಬಂದರೆ ಸುತ್ತಿಗೆ 17 ರೂಪಾಯಿ 50 ಪೈಸೆ. 800 ರೂಪಾಯಿಯ ಹೊಸ ಮರದ ಪ್ಯಾಲೆಟ್ಟಿಗೆ 60 ರೂಪಾಯಿಯಂತೆ ಎರಡು ಬಾರಿ ರಿಪೇರಿ ಮಾಡಿಸಿ, ಕೊನೆಗೆ 80 ರೂಪಾಯಿಗೆ ಮಾರಿ, 60 ಸುತ್ತು ತೆಗೆದರೆ ಸುತ್ತಿಗೆ 14 ರೂಪಾಯಿ. 2,400 ರೂಪಾಯಿಯ ಪ್ಲಾಸ್ಟಿಕ್ ಪ್ಯಾಲೆಟ್ 200 ಸುತ್ತು ಬಂದರೆ 12 ರೂಪಾಯಿ. ಇಷ್ಟನ್ನು ನೋಡಿದರೆ ಪ್ಲಾಸ್ಟಿಕ್ಕೇ ಲಾಭ ಎನಿಸುತ್ತದೆ, ಮಾರುವವರೂ ಇಷ್ಟನ್ನೇ ತೋರಿಸುತ್ತಾರೆ.

ಆದರೆ ನಮ್ಮ ಹಳೆಯ ಅಕ್ಕಿಯ ಅಂಕಣದಲ್ಲಿ ಒಂದು ಪ್ಯಾಲೆಟ್ ವರ್ಷಕ್ಕೆ ಬರುವುದು ಒಂದೇ ಸುತ್ತು. 200 ಸುತ್ತು ಮುಗಿಸಲು ಅದು ಇನ್ನೂರು ವರ್ಷ ಬದುಕಬೇಕು! ಅಲ್ಲಿ ಲೆಕ್ಕವನ್ನು ಸುತ್ತಿಗೆ ಹಾಕಬಾರದು, ವರ್ಷಕ್ಕೆ ಹಾಕಬೇಕು: ಅದೇ ಹಳೆಯ ಪ್ಯಾಲೆಟ್ ಅಲುಗಾಡದೆ ಐದು ವರ್ಷ ಕೂತರೆ ವರ್ಷಕ್ಕೆ 70 ರೂಪಾಯಿ, ಪ್ಲಾಸ್ಟಿಕ್ಕು ಹದಿನೈದು ವರ್ಷ ಬಾಳಿದರೂ ವರ್ಷಕ್ಕೆ 160. ಮರವನ್ನು ಮುರಿಯುವುದು ಮುಖ್ಯವಾಗಿ ಟ್ರಾಲಿಯ ಡಿಕ್ಕಿಯೇ ಹೊರತು ಸಮನಾಗಿ ಕೂತ ಭಾರವಲ್ಲ. ಆದ್ದರಿಂದ ನಾನು ಗೋದಾಮನ್ನು ಎರಡಾಗಿ ನೋಡತೊಡಗಿದೆ. ಕೂರುವ ಸರಕಿಗೆ ಗಟ್ಟಿಯಾದ ಹಳೆಯ ಪ್ಯಾಲೆಟ್‌ಗಳು. ಲೋಡಿಂಗ್ ಬಾಗಿಲಿನ ಕಡೆ ವಾರಕ್ಕೊಂದು ಸುತ್ತು ಬರುವ ಜಾಗಕ್ಕೆ ಹೊಸ ಮರದವು. ಎರಡೂ ಬೆರೆಯದಂತೆ ಓಡಾಡುವವುಗಳ ಮೂಲೆಗೆ ಹಳದಿ ಬಣ್ಣ ಬಳಿಸಿದೆ. ಪ್ಲಾಸ್ಟಿಕ್ಕಿನವನ್ನು ಇಪ್ಪತ್ತು ಮಾತ್ರ ತರಿಸಿದ್ದೇನೆ: ತೊಳೆಯಲು ಸುಲಭ, ಮೊಳೆಯ ಕಾಟವಿಲ್ಲ ಎಂಬುದೆಲ್ಲ ನಿಜವಾದರೂ, ನಯವಾದ ಮೇಲ್ಮೈಯ ಮೇಲೆ ನೇಯ್ದ ಪ್ಲಾಸ್ಟಿಕ್ ಚೀಲಗಳು ಜಾರುತ್ತವೆ, ಮತ್ತು ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಹೊರಗೆ ಬಿಟ್ಟರೆ ಅವು ಬೇಗನೆ ಪೆಡಸಾಗುತ್ತವೆ.

ಹೊಸ ಮರದ ಪ್ಯಾಲೆಟ್ ಕೊಳ್ಳುವಾಗ ತೂಕದ ಯಂತ್ರ ಬೇಕು ಎಂದರೆ ಕೆಲವರು ನಗುತ್ತಾರೆ. ಕಳೆದ ಸಲ ಬಂದ ನೀಲಗಿರಿ ಮರದ ಒಂದು ಪ್ಯಾಲೆಟ್ಟನ್ನು ಇಳಿಸಿದ ದಿನವೇ ಚೀಲ ತೂಗುವ ಕಾಟಾದ ಮೇಲೆ ಇಟ್ಟೆ: 29 ಕಿಲೋ. ಅದನ್ನೇ ಒಂದು ತಿಂಗಳು ಬಿಸಿಲಿಗೆ ನಿಲ್ಲಿಸಿ ತೂಗಿದಾಗ 22 ಕಿಲೋ. ಏಳು ಕಿಲೋ ನೀರು ಆರಿಹೋಗಿತ್ತು. ಹಾಗೆ ಆರುವಾಗ ಮರ ಕುಗ್ಗಿ, ಪಟ್ಟಿಗಳ ತುದಿ ಸೀಳಿ, ಮೊಳೆಗಳ ತಲೆ ಮೇಲೆದ್ದು ನಿಂತಿದ್ದವು. ಆ ಹಸಿಮರದ ಮೇಲೆ ನೇರವಾಗಿ ಅಕ್ಕಿ ಹೇರಿದ್ದರೆ ತಳದ ಚೀಲಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಮೇಲೆದ್ದ ಒಂದು ಮೊಳೆ ಮಾಡುವ ಹಾನಿಯಂತೂ ಹೇಳತೀರದು: ಚೀಲದ ತಳ ಬೆರಳ ತುದಿಯಷ್ಟು ಹರಿಯುತ್ತದೆ, ನಿಟ್ಟು ಕದಲಿಸುವ ತನಕ ಯಾರಿಗೂ ಕಾಣುವುದಿಲ್ಲ, ಎತ್ತಿದಾಗ ಬಾಗಿಲಿನ ತನಕ ಅಕ್ಕಿಯ ಗೆರೆ ಎಳೆದಂತೆ ಬೀಳುತ್ತದೆ. ನಯವಾದ ಮೊಳೆಗಿಂತ ಮೈಮೇಲೆ ಬಳೆಯಂಥ ಗೆರೆಗಳಿರುವ ಮೊಳೆ ಮರವನ್ನು ಬಿಗಿಯಾಗಿ ಹಿಡಿಯುತ್ತದೆ. ಅಂಥದ್ದಕ್ಕೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಹಳೆಯವನ್ನು ಕೊಳ್ಳುವಾಗ ಕಣ್ಣಿಗಿಂತ ಮೂಗು ಹೆಚ್ಚು ಕೆಲಸ ಮಾಡಬೇಕು. ನಮ್ಮ ಭಾಗಕ್ಕೆ ಹೈದರಾಬಾದಿನ ಕಡೆಯಿಂದಲೂ ತೋರಣಗಲ್ಲಿನಂಥ ಕೈಗಾರಿಕಾ ಪ್ರದೇಶಗಳಿಂದಲೂ ಬಿಡಿ ಪ್ಯಾಲೆಟ್‌ಗಳು ಬರುತ್ತವೆ. ಹಿಂದೆ ಅವು ಕೀಟನಾಶಕ ಹೊತ್ತಿದ್ದವೋ, ಎಣ್ಣೆಯ ಡ್ರಮ್ಮು ಹೊತ್ತಿದ್ದವೋ ಹೇಳುವವರಿಲ್ಲ. ಕಲೆ ಇದ್ದರೆ, ವಾಸನೆ ಬಂದರೆ ಆಹಾರದ ಗೋದಾಮಿಗೆ ಅವು ಪುಕ್ಕಟೆ ಸಿಕ್ಕರೂ ಬೇಡ. ವಿದೇಶದಿಂದ ಬಂದವುಗಳ ಬದಿಯ ಮರದ ಮೇಲೆ ತೆನೆಯ ಗುರುತಿನ ಒಂದು ಮುದ್ರೆ ಇರುತ್ತದೆ. ಗಡಿ ದಾಟುವ ಮರದ ಪ್ಯಾಕಿಂಗಿನಲ್ಲಿ ಕೀಟ ಹೋಗದಂತೆ ಮಾಡಿದ ಐಎಸ್‌ಪಿಎಂ 15 ಎಂಬ ನಿಯಮದ ಮುದ್ರೆ ಅದು. ಅದರಲ್ಲಿ ಎಚ್‌ಟಿ ಎಂದಿದ್ದರೆ ಮರದ ಒಡಲಿನ ತನಕ 56 ಡಿಗ್ರಿ ಶಾಖವನ್ನು ಕನಿಷ್ಠ 30 ನಿಮಿಷ ಕೊಡಲಾಗಿದೆ ಎಂದರ್ಥ; ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಲಾಗಿದೆ ಎಂದರ್ಥ, ಅಂಥದ್ದನ್ನು ನಾನು ಇಳಿಸಿಕೊಳ್ಳುವುದಿಲ್ಲ. ಎಚ್‌ಟಿ ಮುದ್ರೆ ಇದ್ದ ಮಾತ್ರಕ್ಕೆ ಮರ ಒಣಗಿದೆ ಎಂದಾಗಲಿ, ಮುಂದೆ ಅದಕ್ಕೆ ಗೆದ್ದಲು ಹತ್ತುವುದಿಲ್ಲ ಎಂದಾಗಲಿ ಭಾವಿಸಬಾರದು. ಇನ್ನೊಂದು ಎಚ್ಚರಿಕೆ: ನೀಲಿ ಬಣ್ಣದ, ಚೆಪ್ ಎಂಬ ಕಂಪನಿಯ ಹೆಸರು ಬರೆದಿರುವ ಪ್ಯಾಲೆಟ್‌ಗಳು ಬಾಡಿಗೆಗೆ ಓಡಾಡುವಂಥವು, ಅವುಗಳ ಒಡೆತನ ಆ ಕಂಪನಿಯಲ್ಲೇ ಉಳಿದಿರುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕವೆಂದು ಕೊಂಡರೆ ಬೇರೆಯವರ ಸ್ವತ್ತನ್ನು ಕೊಂಡಂತಾಗುತ್ತದೆ.

ಮರದ ಮಾತು ಬಂದಾಗ ಹೊರಗಿನವರು ನಿಮ್ಮಲ್ಲಿ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ ಇದೆಯಲ್ಲ, ಅದರಲ್ಲೇ ಮಾಡಿಸಬಾರದೇ ಎಂದು ಕೇಳುವುದುಂಟು. ಸೊಟ್ಟ ಕೊಂಬೆಗಳ ಆ ಮುಳ್ಳುಗಿಡದಿಂದ ಒಲೆಗೆ ಸೌದೆ ಬರುತ್ತದೆ, ಒಂದು ಮೀಟರಿನ ನೇರ ಪಟ್ಟಿ ಬರುವುದು ಕಷ್ಟ.

ಎಷ್ಟು ಕೊಳ್ಳಬೇಕು ಎಂಬುದು ಸುಲಭದ ಲೆಕ್ಕ: ಸುಗ್ಗಿಯಲ್ಲಿ ಗೋದಾಮು ತುಂಬಿದಾಗಿನ ಚೀಲಗಳನ್ನು 40ರಿಂದ ಭಾಗಿಸಿ, ರಿಪೇರಿಯಲ್ಲಿರುವವುಗಳಿಗೆಂದು ನೂರಕ್ಕೆ ಹತ್ತು ಸೇರಿಸಿದರೆ ಸಾಕು. ಯಾವಾಗ ಕೊಳ್ಳಬೇಕು ಎಂಬುದು ಅಷ್ಟು ಸುಲಭವಲ್ಲ. ನಾನು ಸಾಮಾನ್ಯವಾಗಿ ಸುಗ್ಗಿಗೆ ಎರಡು ತಿಂಗಳು ಮೊದಲೇ ಆರ್ಡರ್ ಕೊಡುತ್ತೇನೆ, ಮರ ಆರಲು ಸಮಯ ಸಿಗಲಿ ಎಂದು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ, ನೀರೇ ಇಲ್ಲದ ಮೇಲೆ ಭತ್ತವೆಲ್ಲಿ, ಭತ್ತವಿಲ್ಲದ ಮೇಲೆ ಪ್ಯಾಲೆಟ್ ಯಾಕೆ ಎಂದು ಆರ್ಡರನ್ನು ತಡೆಹಿಡಿದೆ. ತಾತ್ಕಾಲಿಕ ಗೇಟು ಕೂರಿಸಿದರು, ಮಳೆ ಬಂತು, ಅಣೆಕಟ್ಟು ಮತ್ತೆ ತುಂಬಿತು, ಬೆಳೆಯೂ ಬಂತು. ಕೊನೆಗೆ ಅವಸರದಲ್ಲಿ ತರಿಸಿದ್ದು ಮೇಲೆ ಹೇಳಿದ ಆ ಹಸಿಮರವನ್ನೇ.

ಕೊಂಡದ್ದನ್ನು ಉಳಿಸಿಕೊಳ್ಳುವ ಕೆಲಸದಲ್ಲಿ ನಮಗೆ ಹೆಚ್ಚು ಲಾಭ ತಂದವರು ನಮ್ಮ ಬಡಿಗರು. ಹದಿನೈದು ದಿನಕ್ಕೊಮ್ಮೆ ಶನಿವಾರ ಬರುತ್ತಾರೆ. ಮುರಿದ ಪ್ಯಾಲೆಟ್‌ಗಳನ್ನು ಒಂದು ಕಡೆ ಒಟ್ಟಿರುತ್ತೇವೆ. ಟ್ರಾಲಿಯ ಹೊಡೆತ ಮೊದಲು ಬೀಳುವುದು ಅಂಚಿನ ಪಟ್ಟಿಗೆ, ಆದ್ದರಿಂದ ಹತ್ತರಲ್ಲಿ ಏಳೆಂಟಕ್ಕೆ ಆ ಒಂದು ಪಟ್ಟಿ ಬದಲಿಸಿದರೆ ಸಾಕಾಗುತ್ತದೆ. ಶುರುವಿನಲ್ಲಿ ತೀರಾ ಕೆಟ್ಟವನ್ನು ನಾನು ಸೌದೆಗೆ ಕಳಿಸುತ್ತಿದ್ದೆ. ಅವರು ತಡೆದರು: “ಸರ, ಹಳಿ ಪಟ್ಟಿ ಒಗಿಬ್ಯಾಡ್ರಿ, ಹಸಿ ಮರಕ್ಕಿಂತ ಇದು ಚಲೋ ಒಣಗೈತಿ.” ಈಗ ಮೂರು ಸತ್ತ ಪ್ಯಾಲೆಟ್‌ಗಳನ್ನು ಬಿಚ್ಚಿ ಐದಾರನ್ನು ಬದುಕಿಸುತ್ತಾರೆ. ಒಂದೇ ಅಳತೆಗೆ ಅಂಟಿಕೊಂಡದ್ದರ ಲಾಭ ಇಲ್ಲಿಯೂ ಸಿಕ್ಕಿತು: ಯಾವುದರ ಪಟ್ಟಿ ಬೇಕಾದರೂ ಯಾವುದಕ್ಕೂ ಕೂರುತ್ತದೆ.

ಖಾಲಿ ಪ್ಯಾಲೆಟ್ಟಿನ ಬಿರುಕುಗಳಲ್ಲಿ ನುಸಿ ಅಡಗಿ ಕೂರುವುದರಿಂದ, ನಿಟ್ಟುಗಳಿಗೆ ಹೊದಿಕೆ ಹಾಕಿ ಔಷಧಿ ಕೊಡಿಸುವ ದಿನ ಖಾಲಿ ಪ್ಯಾಲೆಟ್‌ಗಳನ್ನೂ ಹೊದಿಕೆಯೊಳಗೆ ಸೇರಿಸುತ್ತೇವೆ. ಆ ಕೆಲಸವನ್ನು ಪರವಾನಗಿ ಇರುವವರಿಂದಲೇ ಮಾಡಿಸಬೇಕು. ಉಳಿದ ದಿನಗಳಲ್ಲಿ ಖಾಲಿಯವನ್ನು ಗೋದಾಮಿನೊಳಗೆ ಎತ್ತರವಾಗಿ ಒಟ್ಟುವುದಿಲ್ಲ, ಏಕೆಂದರೆ ಒಣಮರದ ನಡುವೆ ಗಾಳಿಯಾಡುವ ಅಂಥ ರಾಶಿಗೆ ಒಂದು ಬೀಡಿಯ ಕಿಡಿ ಬಿದ್ದರೂ ಸಾಕು. ಹೊರಗಿನ ತಗಡಿನ ಚಪ್ಪರದಲ್ಲಿ, ಕಲ್ಲಿನ ಮೇಲೆ, ಗೋಡೆಯಿಂದ ದೂರ ಇಡುತ್ತೇವೆ.

ಆ 69ರ ಕಥೆಗೆ ಮರಳುತ್ತೇನೆ. ಹುಡುಕುತ್ತಾ ಹೋದಾಗ 22 ಪ್ಯಾಲೆಟ್‌ಗಳು ಪಕ್ಕದ ಮಿಲ್ಲಿನಲ್ಲಿ, ಅವರದೇ ಎಂಬಂತೆ, ಅವರ ತೌಡಿನ ಚೀಲ ಹೊತ್ತು ಕೂತಿದ್ದವು. ಸುಗ್ಗಿಯಲ್ಲಿ ನಾವೇ ಕಡ ಕೊಟ್ಟು ಮರೆತದ್ದು. ಒಂದಿಷ್ಟು ಸರಕಿನ ಜೊತೆ ಬೆಂಗಳೂರಿಗೆ ಹೋಗಿ ಬರಲೇ ಇಲ್ಲ. ಖಾಲಿ ಪ್ಯಾಲೆಟ್ ತರಿಸಲು ಲಾರಿಗೆ ಕೊಡುವ ಬಾಡಿಗೆಯಲ್ಲಿ ಹೊಸದನ್ನೇ ಕೊಳ್ಳಬಹುದು, ಹಾಗಾಗಿ ಈಗ ದೂರದ ಲಾರಿಗೆ ಚೀಲ ಮಾತ್ರ ಹೇರುತ್ತೇವೆ, ಪ್ಯಾಲೆಟ್ ನಮ್ಮ ಬಾಗಿಲಿನ ತನಕ ಮಾತ್ರ. ಮಿಕ್ಕವು ಲಾರಿ ಚಾಲಕರ ಒಲೆಗೆ ಹೋಗಿರಬೇಕು. ಈಗ ಪ್ರತಿ ಪ್ಯಾಲೆಟ್ಟಿನ ಎದುರುಬದುರಿನ ಎರಡು ಗಟ್ಟೆಗಳ ಮೇಲೆ ಕಾಯಿಸಿದ ಕಬ್ಬಿಣದಿಂದ ನಮ್ಮ ಗುರುತನ್ನೂ ಸಂಖ್ಯೆಯನ್ನೂ ಸುಟ್ಟು ಬರೆಸಿದ್ದೇವೆ. ಬಣ್ಣವನ್ನಾದರೆ ಕೆರೆಯಬಹುದು. ಗೇಟಿನಲ್ಲಿ ಚೀಲದ ರಿಜಿಸ್ಟರಿನ ಪಕ್ಕದಲ್ಲೇ ಪ್ಯಾಲೆಟ್ಟಿನದೊಂದು ಇದೆ. ಕಡ ಒಯ್ಯುವವರು ಅದರಲ್ಲಿ ಸಹಿ ಮಾಡಿ ಠೇವಣಿ ಇಡಬೇಕು. ಪಕ್ಕದ ಮಿಲ್ಲಿನವರು ಮೊದಲ ಸಲ ಮುಖ ಸಿಂಡರಿಸಿದರು. ಕಳೆದ ಸುಗ್ಗಿಯಲ್ಲಿ 15 ಒಯ್ದವರು ಠೇವಣಿ ಬಿಡಿಸಿಕೊಳ್ಳಲು ನಾಲ್ಕನೆಯ ದಿನವೇ 15ನ್ನೂ ತಂದು ಇಳಿಸಿದರು, ಅದರಲ್ಲಿ ಒಂದಕ್ಕೆ ತಾವೇ ಹೊಸ ಪಟ್ಟಿ ಹೊಡೆಸಿದ್ದರು.