ಪೈಪಿನಲ್ಲಿ ಅರಬ್ಬಿ ಸಮುದ್ರ: ನಾಲ್ಕನೇ ವಾರ

ಗುರುವಾರ ಸಂಜೆ ಅಮ್ಮ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಹಾಕಿದಳು. ನನ್ನ ಮೀನುಗಳೆಲ್ಲ ಸರ್ರನೆ ಐನೂರು ಮೀಟರ್ ಕೆಳಗಿಳಿದವು.

ಹೊಸಬರಿಗೆ ಎರಡು ಮಾತು. ದಾವಣಗೆರೆಯ ನಮ್ಮ ಮನೆಯ ಹಾಲ್‌ನ ಮೂಲೆಯಲ್ಲಿ ಎರಡು ಮೀಟರ್ ಉದ್ದದ ಪಿವಿಸಿ ಪೈಪು ನಿಂತಿದೆ. ಅದನ್ನು ಉದ್ದಕ್ಕೆ ಸೀಳಿ ಒಳಗೆ ಎಲ್‌ಇಡಿ ಪಟ್ಟಿ ಅಂಟಿಸಿದ್ದೇನೆ. ಒಟ್ಟು 120 ದೀಪ. ಇಡೀ ಪೈಪು 1000 ಮೀಟರ್ ಆಳದ ಅರಬ್ಬಿ ಸಮುದ್ರ ಅಂದುಕೊಂಡರೆ ಒಂದು ದೀಪಕ್ಕೆ ಎಂಟು ಮೀಟರ್ ಚಿಲ್ಲರೆ. ಅದರಲ್ಲಿ ಹತ್ತಿ ಇಳಿಯುವುದು ಲ್ಯಾಂಟರ್ನ್‌ಫಿಶ್. ನಾನು ಕಂದೀಲು ಮೀನು ಅನ್ನುತ್ತೇನೆ. ಈ ಮನೆಯೊಳಗೆ ಇದುವರೆಗೆ ಮೀನು ಬಂದದ್ದೇ ಇಲ್ಲ, ಆ ಮಾತು ಬೇರೆ.

ಬೆರಳುದ್ದದ ಮೀನು. ಸುಮಾರು 250 ಜಾತಿ ಇವೆ. ಹೊಟ್ಟೆಯ ಮೇಲೆ, ಪಕ್ಕೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಳಗುವ ಅಂಗಗಳು. ಹಗಲೆಲ್ಲ ನೂರಾರು ಮೀಟರ್ ಕೆಳಗೆ ಕತ್ತಲಲ್ಲಿ ಅಡಗಿರುತ್ತವೆ. ಅರಬ್ಬಿ ಸಮುದ್ರದಲ್ಲಿ ಆ ಆಳದಲ್ಲಿ ಆಮ್ಲಜನಕವೂ ತೀರಾ ಕಡಿಮೆ, ಆದರೂ ಅಲ್ಲೇ ಇರುತ್ತವೆ. ಮೇಲೆ ಊಟ ಇದೆ ನಿಜ, ಆದರೆ ಬೆಳಕಲ್ಲಿ ಅಲ್ಲಿಗೆ ಹೋದರೆ ತಾವೇ ಟ್ಯೂನಾಗೆ ಊಟ. ಅದಕ್ಕೇ ಸಂಜೆ ಹತ್ತಿ, ಸಣ್ಣ ಸಣ್ಣ ಸೀಗಡಿಯಂಥವನ್ನು ತಿಂದು, ಬೆಳಗಾಗುವಷ್ಟರಲ್ಲಿ ವಾಪಸ್. ದಾವಣಗೆರೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಕೆಲವು ಜಾತಿಗಳು ಹೆಚ್ಚುಕಡಿಮೆ ಅಷ್ಟು ಎತ್ತರವನ್ನು ದಿನಾ ಹತ್ತಿ ಇಳಿಯುತ್ತವೆ!

ಮೊದಲ ವಾರ ದಾರ, ಮೋಟರ್ ಇಟ್ಟು ಮಾಡಿದ್ದು ಕೆಟ್ಟಿತು. ದಾರ ಜಾರುತ್ತಿತ್ತು. ಎರಡನೇ ವಾರ ಎಲ್‌ಇಡಿಗೆ ಬಂದೆ, ಗಡಿಯಾರ ನೋಡಿ ನಡೆಯುವ ಕೋಡ್ ಬರೆದೆ. ಸೂರ್ಯ ಮುಳುಗುವ ಹೊತ್ತಿಗೆ ಮೇಲೆ, ಹುಟ್ಟುವ ಮೊದಲು ಕೆಳಗೆ. ಸರಿಯಾಗೇ ಇತ್ತು. ಆದರೆ ಅಲಾರಾಂ ಇಟ್ಟ ಹಾಗೆ.

ಮನಸ್ಸು ಬದಲಾದದ್ದು ಹಳೆಯ ಸೋನಾರ್ ಕತೆ ಓದಿದ ಮೇಲೆ. 1942ರಲ್ಲಿ ಅಮೆರಿಕದ ವಿಜ್ಞಾನಿಗಳು ಸಮುದ್ರಕ್ಕೆ ಶಬ್ದ ಬಿಟ್ಟರೆ, ನಿಜವಾದ ತಳಕ್ಕಿಂತ ಎಷ್ಟೋ ಮೇಲೆಯೇ ಇನ್ನೊಂದು ತಳ ಇದ್ದಂತೆ ಪ್ರತಿಧ್ವನಿ ಬರುತ್ತಿತ್ತು. ಆ ತಳ ಸಂಜೆಗೆ ಮೇಲೇಳುತ್ತದೆ ಅಂತ 1945ರಲ್ಲಿ ಸಮುದ್ರಜೀವಿ ವಿಜ್ಞಾನಿ ಮಾರ್ಟಿನ್ ಜಾನ್ಸನ್ ತೋರಿಸಿದರು. ತಳ ಎಲ್ಲಾದರೂ ಏಳುತ್ತದೆಯೇ? ಅದು ಜೀವಿಗಳ ಪದರ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಶಬ್ದವನ್ನು ಚೆನ್ನಾಗಿ ವಾಪಸ್ ಎಸೆಯುತ್ತದೆ. ಸೂರ್ಯಗ್ರಹಣದಲ್ಲೂ ಈ ಪದರ ಮೇಲೆ ಬರುತ್ತದಂತೆ. ಗ್ರಹಣದ ದಿನ ಗಡಿಯಾರವೇನೂ ಬದಲಾಗುವುದಿಲ್ಲ, ಅಲ್ವಾ?

ಮೂರನೇ ವಾರ ಗಡಿಯಾರ ಕಿತ್ತು ಕಿಟಕಿಯ ಹತ್ತಿರ ಲೈಟ್ ಸೆನ್ಸರ್ ಇಟ್ಟೆ. ಮಧ್ಯಾಹ್ನ ಮೂರಕ್ಕೆ ಮೋಡ ಕವಿಯಿತು, ದೀಪಗಳು ಮೇಲೆ ಹಾರಿದವು. ವೈರಿಂಗ್ ಲೂಸ್ ಅಂದುಕೊಂಡು ಅರ್ಧ ದಿನ ಮತ್ತೆ ಬೆಸುಗೆ ಹಾಕಿದೆ, ದಂಡ. ಉತ್ತರ ಪೆಸಿಫಿಕ್‌ನಲ್ಲಿ ಹಗಲು ಮೋಡದ ನೆರಳು ಬಿದ್ದರೆ ಆಳದಲ್ಲಿರುವ ಪುಟ್ಟ ಜೀವಿಗಳು ಸ್ವಲ್ಪ ಮೇಲೆ ಬರುವುದನ್ನು ಅಳೆದಿದ್ದಾರೆ. ತಪ್ಪು ವೈರಿನದಲ್ಲ. ನನ್ನ ಮೀನಿಗೆ ಅವಸರ ಜಾಸ್ತಿ, ಅಷ್ಟೇ.

ಅಮ್ಮ ಟ್ಯೂಬ್‌ಲೈಟ್ ಹಾಕಿದ ಗುರುವಾರವೂ ಅದೇ ಆದದ್ದು. "ನಾನೇನ್ ಮಾಡ್ದೆ ಅವಕ್ಕೆ?" ಅಂದಳು ಅಮ್ಮ. ಸೆನ್ಸರ್ ತಾರಸಿಗೆ ಒಯ್ಯೋಣ ಅಂತಿದ್ದೆ. ಆದರೆ ಆರ್ಕ್ಟಿಕ್‌ನ ಚಳಿಗಾಲದ ಕತ್ತಲಲ್ಲಿ ಹಡಗಿನ ದೀಪಕ್ಕೇ 200 ಮೀಟರ್ ಆಳದವರೆಗೆ ಮೀನುಗಳ ನಡೆ ಬದಲಾಗುತ್ತದೆ. ಹಾಗಾದರೆ ನಮ್ಮ ಹಾಲ್ ಒಂದು ಹಡಗು. ಸೆನ್ಸರ್ ಅಲ್ಲೇ ಬಿಟ್ಟೆ. ವೇಗಕ್ಕೆ ಮಾತ್ರ ಮಿತಿ ಹಾಕಿದೆ: ಎರಡು ನಿಮಿಷಕ್ಕೆ ಒಂದು ದೀಪ. ಐನೂರು ಮೀಟರ್ ಹತ್ತಲು ಈಗ ಎರಡು ಗಂಟೆ.

ಶನಿವಾರ ರಾತ್ರಿ ಎಂಟಕ್ಕೆ ಕರೆಂಟು ಹೋಯಿತು. ಪೈಪು ಪವರ್ ಬ್ಯಾಂಕ್ ಮೇಲೆ ನಡೆಯುತ್ತಿತ್ತು. ನಾನು ಮೊಬೈಲ್ ಟಾರ್ಚ್ ಹಾಕಿದ ತಕ್ಷಣ ಅಮ್ಮ, "ಆರಿಸೋ, ಅವು ಮೇಲೆ ಬರ್ಲಿ" ಅಂದಳು. ಕತ್ತಲಲ್ಲಿ ಕೂತು ಏಳೆಂಟು ದೀಪ ಹತ್ತುವುದನ್ನು ನೋಡಿದೆವು.

ಉಳಿದದ್ದು ಹೊಟ್ಟೆಯ ಬೆಳಕು. ಕೆಳಗಿನಿಂದ ನೋಡುವ ಬೇಟೆಗಾರನಿಗೆ ತನ್ನ ನೆರಳು ಕಾಣದಿರಲಿ ಅಂತ ಈ ಮೀನು ಮೇಲಿನಿಂದ ಬರುವ ಬೆಳಕಿನಷ್ಟೇ ಹೊಟ್ಟೆಯಲ್ಲಿ ಬೆಳಗುತ್ತದೆ. ನನ್ನ ದೀಪಗಳು ಎಲ್ಲ ಆಳದಲ್ಲೂ ಒಂದೇ ಪ್ರಕಾಶ. ಸರಿಮಾಡಲು ಪೈಪಿನ ಬುಡದಲ್ಲಿ ಅಂಗಾತ ಮಲಗಿ ನೋಡಬೇಕು. ಭಾನುವಾರ ಮೊದಲು ಅಲ್ಲಿ ಕಸ ಗುಡಿಸಬೇಕು.